ಗಡಿ ದಾಟುವ ರೋಬೋಟ್‌ಗೂ ಒಂದು ರಹದಾರಿ ಬೇಕು

ಮಾನ್ಯ ಸಂಪಾದಕರೇ,

ಕೊಡಗಿನ ತೋಟದಿಂದ ಒಂದು ಬೀಟೆ ದಿಮ್ಮಿ ಕೇರಳ ಗಡಿಯ ಮಾಕುಟ್ಟ ಚೆಕ್‌ಪೋಸ್ಟ್ ದಾಟಬೇಕಾದರೆ ಅರಣ್ಯ ಇಲಾಖೆಯ ರಹದಾರಿ ಬೇಕು, ದಿಮ್ಮಿಯ ಮೇಲೆ ಸುತ್ತಿಗೆ ಮುದ್ರೆ ಬೇಕು. ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಪಡೆದವರ ಬಳಿಯೂ ವಿನಾಯಿತಿ ಪತ್ರವೆಂಬ ಕಾಗದ ಇರುತ್ತದೆ. ಆದರೆ ತಾನಾಗಿ ನಡೆಯುವ, ನೋಡುವ, ನೋಡಿದ್ದನ್ನು ನೆನಪಿಟ್ಟುಕೊಳ್ಳುವ ಯಂತ್ರವೊಂದು ಬೇರೆ ದೇಶದಿಂದ ಬಂದು, ನಮ್ಮ ಕಾಫಿ ತೋಟದಲ್ಲಿ ಮೂರು ತಿಂಗಳು ಓಡಾಡಿ ಹಿಂದಿರುಗಿದರೆ, ಅದರ ಕಸ್ಟಮ್ಸ್ ಕಾಗದದಲ್ಲಿ ಕಾಣುವುದು ಹೆಸರು, ಸೀರಿಯಲ್ ನಂಬರ್, ತೂಕ, ಬೆಲೆ, ಮೂಲ ದೇಶ. ಅದು ಯಾವ ಮಣ್ಣು ತುಳಿದು ಬಂದಿದೆ, ಇಲ್ಲಿಂದ ಏನನ್ನು ಅಳೆದುಕೊಂಡು ಹೋಗುತ್ತಿದೆ, ಯಾರ ಆಜ್ಞೆಯಲ್ಲಿ ನಡೆಯುತ್ತಿದೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಈ ಜಾಗ ಬೇಕು ಎಂಬುದೇ ನಮ್ಮ ಒತ್ತಾಯ.

ರೋಬೋಟ್‌ಗೆ ಪಾಸ್‌ಪೋರ್ಟ್ ಎಂದ ಕೂಡಲೇ ಮಾತು ಬೇರೆ ಕಡೆ ಹೊರಳುತ್ತದೆ. 2017ರ ಅಕ್ಟೋಬರ್‌ನಲ್ಲಿ ಸೌದಿ ಅರೇಬಿಯಾ ‘ಸೋಫಿಯಾ’ ಎಂಬ ರೋಬೋಟ್‌ಗೆ ಪೌರತ್ವ ಘೋಷಿಸಿದ್ದು ಸುದ್ದಿಯಾಯಿತು. ನಾವು ಹೇಳುತ್ತಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಲಾರಿಗೆ ಆರ್‌ಸಿ ಪುಸ್ತಕ ಕೊಟ್ಟ ಮಾತ್ರಕ್ಕೆ ಲಾರಿ ಪ್ರಜೆಯಾಗುವುದಿಲ್ಲ. ಅದರಿಂದ ಅನಾಹುತವಾದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬುದು ಗೊತ್ತಾಗುತ್ತದೆ. ರೋಬೋಟ್‌ಗೂ ಬೇಕಾಗಿರುವುದು ಅಂಥ ಪುಸ್ತಕ.

ಆಕಾಶದಲ್ಲಿ ಹಾರುವ ಯಂತ್ರಕ್ಕೆ ಈ ನಿಯಮ ಎಂದೋ ಬಂದಿದೆ. 1944ರ ಷಿಕಾಗೋ ಒಪ್ಪಂದದ 8ನೇ ವಿಧಿಯ ಪ್ರಕಾರ, ಪೈಲಟ್ ಇಲ್ಲದ ವಿಮಾನ ಇನ್ನೊಂದು ದೇಶದ ಮೇಲೆ ಹಾರಬೇಕಾದರೆ ಆ ದೇಶದ ವಿಶೇಷ ಅನುಮತಿ ಬೇಕು. ನಮ್ಮ 2021ರ ಡ್ರೋನ್ ನಿಯಮಗಳು ಪ್ರತಿ ಡ್ರೋನ್‌ಗೂ ವಿಶಿಷ್ಟ ಗುರುತಿನ ಸಂಖ್ಯೆ ಕೊಟ್ಟವು. ಪೂರ್ತಿ ಜೋಡಿಸಿದ ವಿದೇಶಿ ಡ್ರೋನ್‌ಗಳ ಆಮದನ್ನು, ಸಂಶೋಧನೆ ಮತ್ತು ರಕ್ಷಣೆಯಂಥ ಕೆಲವನ್ನು ಬಿಟ್ಟು, 2022ರ ಫೆಬ್ರವರಿಯಲ್ಲಿ ನಿಷೇಧಿಸಲಾಯಿತು. ಸಮುದ್ರದಲ್ಲೂ ಪದ್ಧತಿಯಿದೆ. ನೀರಿನ ಉಷ್ಣತೆ, ಲವಣಾಂಶ ಅಳೆಯುತ್ತಾ ತೇಲುವ ಆರ್ಗೋ ಯಂತ್ರಗಳು ಒಂದು ದೇಶದ ಅಧಿಕಾರವಿರುವ ನೀರಿಗೆ ತೇಲಿಹೋಗುವ ಸಂಭವವಿದ್ದರೆ ಆ ದೇಶಕ್ಕೆ ಮೊದಲೇ ತಿಳಿಸಬೇಕೆಂದು 1999ರಲ್ಲೇ ಅಂತರಸರ್ಕಾರಿ ಸಾಗರವಿಜ್ಞಾನ ಆಯೋಗ ನಿರ್ಣಯ ಮಾಡಿದೆ. ನೆಲದ ಮೇಲೆ ಉರುಳುವ, ನಡೆಯುವ ಯಂತ್ರಕ್ಕೆ ಮಾತ್ರ ಅಂಥದ್ದೇನೂ ಇಲ್ಲ. ಅದು ಬರೀ ಸರಕು. ಸರಕಾಗಿಯೂ ಅದಕ್ಕೆ ಒಂದೇ ಹೆಸರಿಲ್ಲ: ಎತ್ತಿ ಇಳಿಸುವ ಕೈಯಾದರೆ ಸುಂಕದ ಪಟ್ಟಿಯ 8428, ಬೇರೆಲ್ಲೂ ಸೇರದ ಕೈಗಾರಿಕಾ ರೋಬೋಟ್ ಆದರೆ 8479, ಔಷಧಿ ಸಿಂಪಡಿಸುವುದಾದರೆ 8424.

ಕಾಗದ ಸರಿಯಿಲ್ಲದಿದ್ದರೆ ತೊಂದರೆ ರೋಬೋಟ್ ತಂದವರಿಗೂ ಇದೆ. 2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಚಿತ್ರ ಬರೆಯುವ ರೋಬೋಟ್ ‘ಐಡಾ’ ಗೀಜಾ ಪಿರಮಿಡ್‌ಗಳ ಬಳಿಯ ಪ್ರದರ್ಶನಕ್ಕೆಂದು ಹೋದಾಗ ಈಜಿಪ್ಟಿನ ಕಸ್ಟಮ್ಸ್‌ನಲ್ಲಿ ಹತ್ತು ದಿನ ಸಿಕ್ಕಿಕೊಂಡಿತು. ಒಳಗೆ ಮೋಡೆಮ್ ಇದೆ, ಕಣ್ಣಲ್ಲಿ ಕ್ಯಾಮೆರಾ ಇದೆ, ಗೂಢಚಾರಿಕೆ ಇರಬಹುದು ಎಂಬ ಅನುಮಾನ. ಮೋಡೆಮ್ ಬಿಚ್ಚಬಹುದಿತ್ತು, ಕಣ್ಣು ಕಿತ್ತರೆ ಅದು ಚಿತ್ರ ಬರೆಯಲಾರದು. ಅಧಿಕಾರಿಗಳ ಅನುಮಾನ ತಪ್ಪೆಂದು ನಾವು ಹೇಳುವುದಿಲ್ಲ. ಕ್ಯಾಮೆರಾ ಏನು ನೋಡುತ್ತದೆ, ಎಲ್ಲಿ ಉಳಿಸುತ್ತದೆ, ಯಾರಿಗೆ ಕಳಿಸುತ್ತದೆ ಎಂದು ಎಲ್ಲ ದೇಶಗಳೂ ಒಪ್ಪುವ ಒಂದು ಹಾಳೆ ಇದ್ದಿದ್ದರೆ ಹತ್ತು ದಿನದ ಕೆಲಸ ಒಂದು ಮಧ್ಯಾಹ್ನಕ್ಕೆ ಮುಗಿಯಬಹುದಿತ್ತು.

ಈಗ ತಾತ್ಕಾಲಿಕವಾಗಿ ಯಂತ್ರ ತರುವವರಿಗೆ ಇರುವ ಮುಖ್ಯ ದಾರಿ ಎ.ಟಿ.ಎ. ಕಾರ್ನೆ, ಅಂದರೆ ಸುಂಕ ಕಟ್ಟದೆ ಸಾಮಾನು ತಂದು ವಾಪಸ್ ಒಯ್ಯಲು ಬಿಡುವ ಕಸ್ಟಮ್ಸ್ ಪುಸ್ತಕ. ಭಾರತದಲ್ಲಿ ಇದನ್ನು ಕೊಡುವ, ಜಾಮೀನು ನಿಲ್ಲುವ ಸಂಸ್ಥೆ ಫಿಕ್ಕಿ ಎಂಬ ವಾಣಿಜ್ಯ-ಕೈಗಾರಿಕಾ ಒಕ್ಕೂಟ. ಹಸಿರು ರಟ್ಟು, ಸ್ವದೇಶದಿಂದ ಹೊರಡಲು ಮರಳಲು ಹಳದಿ ಹಾಳೆ, ಬೇರೆ ದೇಶದೊಳಗೆ ಹೋಗಿ ಬರಲು ಬಿಳಿ ಹಾಳೆ, ನಡುವಿನ ದೇಶ ಹಾದುಹೋಗಲು ನೀಲಿ ಹಾಳೆ. ಅವಧಿ ಹೆಚ್ಚೆಂದರೆ ಒಂದು ವರ್ಷ. ಪ್ರದರ್ಶನ, ಮೇಳದಂಥ ಗೊತ್ತುಪಡಿಸಿದ ಉದ್ದೇಶಕ್ಕೆ ಇದು ಒಳ್ಳೆಯ ವ್ಯವಸ್ಥೆ. ಎಡವಟ್ಟಾಗುವುದು ಅದರ ಸಾಮಾನು ಪಟ್ಟಿಯಲ್ಲಿ. ಪುಸ್ತಕ ಕೊಟ್ಟ ಮೇಲೆ ಆ ಪಟ್ಟಿಗೆ ಒಂದು ಸಾಲೂ ಸೇರಿಸುವಂತಿಲ್ಲ. ರೋಬೋಟ್ ಎಂದರೆ ಒಂದೇ ಗಟ್ಟಿ ವಸ್ತುವಲ್ಲ. ತಳಗಾಡಿ, ಕೈ, ಲೇಸರ್ ಕಿರಣದಿಂದ ದೂರ ಅಳೆಯುವ ಲೈಡಾರ್, ಕಂಪ್ಯೂಟರ್, ಬ್ಯಾಟರಿ ಪ್ರತಿಯೊಂದಕ್ಕೂ ಬೇರೆ ಬೇರೆ ಸೀರಿಯಲ್ ನಂಬರ್. ಕೊಡಗಿನ ಮಳೆಯಲ್ಲಿ ಚಕ್ರದ ಮೋಟಾರಿನ ಕನೆಕ್ಟರಿಗೆ ನೀರು ಇಳಿದು ಪಿನ್ನು ಹಸಿರುಗಟ್ಟುತ್ತದೆ, ಮೋಟಾರು ಬದಲಾಗುತ್ತದೆ. ಹಿಂದೆ ಕಳಿಸುವ ದಿನ ಪಟ್ಟಿಯ ನಂಬರ್ ಒಂದು, ಯಂತ್ರದ ಮೇಲಿನ ನಂಬರ್ ಇನ್ನೊಂದು. ತಂದದ್ದೇ ಹೋಗುತ್ತಿದೆ ಎಂದು ತೋರಿಸಲಾಗದಿದ್ದರೆ ಸುಂಕದ ನೋಟಿಸು ಜಾಮೀನುದಾರರ ಮೂಲಕ ಬರುತ್ತದೆ.

ಬ್ಯಾಟರಿಯ ತೊಡಕು ಇನ್ನೂ ಬಿಗಿ. 48 ವೋಲ್ಟ್, 20 ಆಂಪಿಯರ್-ಅವರ್ ಎಂದರೆ 960 ವ್ಯಾಟ್-ಅವರ್. ವಿಮಾನದಲ್ಲಿ ಪ್ರಯಾಣಿಕರು ಒಯ್ಯಬಹುದಾದ ಮಿತಿ ಸಾಮಾನ್ಯವಾಗಿ 100, ಏರ್‌ಲೈನ್ ಒಪ್ಪಿದರೆ 160. ಹಾಗಾಗಿ ಇದು ಸರಕು ವಿಮಾನದ ಲೆಕ್ಕಕ್ಕೆ, ಅಪಾಯಕಾರಿ ವಸ್ತುವಿನ ನಿಯಮಕ್ಕೆ ಬೀಳುತ್ತದೆ. ಅದಕ್ಕೆ ಯುಎನ್ 38.3 ಎಂಬ, ಬ್ಯಾಟರಿ ಸಾಗಣೆಗೆ ಸುರಕ್ಷಿತವೇ ಎಂದು ನೋಡುವ ಪರೀಕ್ಷೆಯ ಸಾರಾಂಶ ಪತ್ರ ಬೇಕು. ಮೂಲ ಬ್ಯಾಟರಿ ಕೆಟ್ಟು ಪೇಟೆಯಲ್ಲಿ ಸೆಲ್ ಜೋಡಿಸಿ ಮಾಡಿಸಿದ ಪ್ಯಾಕ್ ಹಾಕಿದ್ದರೆ ಆ ಪತ್ರ ಎಲ್ಲಿಂದ ಬರಬೇಕು? ಸರಕು ತೆಗೆದುಕೊಳ್ಳುವವರು ಒಪ್ಪುವುದಿಲ್ಲ. ಬ್ಯಾಟರಿ ಬಿಟ್ಟು ಕಳಿಸೋಣವೆಂದರೆ ಪಟ್ಟಿಯಲ್ಲಿ ಬ್ಯಾಟರಿ ಇದೆ, ಯಂತ್ರದಲ್ಲಿ ಇಲ್ಲ. ದಿನ ಕಳೆಯುತ್ತದೆ, ಕಾರ್ನೆಯ ಅವಧಿ ತೀರುತ್ತದೆ. ಬದಲಿಸಿದ ಬಿಡಿಭಾಗಗಳಿಗೆ ಅಲ್ಲಲ್ಲೇ ಮುದ್ರೆ ಹಾಕಿಸಿಕೊಳ್ಳುವ ಎರಡು ಪುಟ ಆ ಪುಸ್ತಕದಲ್ಲಿದ್ದರೆ ಇಷ್ಟೂ ಪಾಡು ತಪ್ಪುತ್ತದೆ.

ಕಾಫಿ ಬೆಳೆಯುವ ನಾಡಿಗೆ ಇದಕ್ಕಿಂತ ದೊಡ್ಡ ಆತಂಕ ಮಣ್ಣಿನದು. ಕಾಯಿಕೊರಕ, ಅಂದರೆ ಎಲ್ಲರೂ ಬೆರ್ರಿ ಬೋರರ್ ಎನ್ನುವ ಹುಳು, ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಕೊಡಗು ಎಷ್ಟು ದೂರ? ಆಫ್ರಿಕಾ ಮೂಲದ, ಎರಡು ಮಿಲಿಮೀಟರೂ ಇಲ್ಲದ ಈ ಹುಳುವಿಗಾಗಿ ಇಂದಿಗೂ ನಾವು ಉದುರು ಕಾಯಿ ಆರಿಸುತ್ತೇವೆ, ಗೋಣಿಚೀಲಕ್ಕೆ ಹೊಗೆ ಹಾಕುತ್ತೇವೆ, ಬಲೆ ಕಟ್ಟುತ್ತೇವೆ. ಇನ್ನೊಂದು ರೋಗವಿದೆ, 1922ರಲ್ಲಿ ಕೀನ್ಯಾದಲ್ಲಿ ಗುರುತಿಸಿದ್ದು; ಅರೇಬಿಕಾದ ಹಸಿರು ಕಾಯನ್ನೇ ಕಪ್ಪಾಗಿಸಿ ಉದುರಿಸುವ ಶಿಲೀಂಧ್ರ. ಅದು ಆಫ್ರಿಕಾ ಬಿಟ್ಟು ಹೊರಬಂದಿಲ್ಲ. ಬಾರದೇ ಇರಲಿ ಎಂದು ಕೈಮುಗಿಯುವುದರ ಜೊತೆಗೆ ಗಡಿಯಲ್ಲಿ ಚಕ್ರ ನೋಡುವವರೂ ಬೇಕಲ್ಲವೇ?

ರೋಬೋಟ್ ಬರುವ ಮರದ ಪೆಟ್ಟಿಗೆಗೆ ನಿಯಮವಿದೆ. ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಸಸ್ಯ ಸುರಕ್ಷತಾ ಮಾನದಂಡದ ಪ್ರಕಾರ ಮರದ ತಿರುಳಿನವರೆಗೂ 56 ಡಿಗ್ರಿ ಶಾಖ 30 ನಿಮಿಷ ತಾಗಿರಬೇಕು ಇಲ್ಲವೇ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು, ಪೆಟ್ಟಿಗೆಯ ಮೇಲೆ ಅದರ ಮುದ್ರೆ ಇರಬೇಕು. ಬಳಸಿದ ವಾಹನ, ಯಂತ್ರಗಳ ಸಾಗಣೆಗೆ ಐಎಸ್‌ಪಿಎಂ 41 ಎಂಬ ಮಾನದಂಡವೂ 2017ರಲ್ಲಿ ಬಂದಿದೆ. ನಮ್ಮ 2003ರ ಸಸ್ಯ ಸಂಪರ್ಕತಡೆ (ಕ್ವಾರಂಟೈನ್) ಆದೇಶ ಮಣ್ಣನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಇಷ್ಟಿದ್ದೂ ಕಾರ್ನೆಯ ಪಟ್ಟಿಯಲ್ಲಿ ‘ಈ ಯಂತ್ರ ಹಿಂದೆ ಎಲ್ಲಿ ಓಡಿದೆ’ ಎಂಬ ಅಂಕಣವಿಲ್ಲ. ಪೆಟ್ಟಿಗೆಗೆ ಮುದ್ರೆಯಿದೆ, ಪೆಟ್ಟಿಗೆಯೊಳಗಿನ ಚಕ್ರಕ್ಕೆ ಇಲ್ಲ.

ಮಣ್ಣು ಎಲ್ಲಿ ಕೂರುತ್ತದೆ ಎಂದು ತಿಳಿದವರೇ ನೋಡಬೇಕು. ಹೊರಗಿನ ಚಕ್ರ ಹೊಳೆಯುತ್ತಿರುತ್ತದೆ. ಪಟ್ಟಿಚಕ್ರದ ರಬ್ಬರ್ ಪಟ್ಟಿಗೂ ಒಳ ಉರುಳೆಗೂ ನಡುವಿನ ಸಂದು, ಹೊಟ್ಟೆಯ ಕೆಳಗಿನ ರಕ್ಷಣಾ ತಗಡು, ಬಂಪರಿನ ಒಳಮಡಿಕೆ, ಫ್ಯಾನಿನ ಜಾಲರಿ: ಕೈಬೆರಳು ಹಾಕಿದರೆ ಅಲ್ಲಿ ಒಣಮಣ್ಣು, ಎಲೆಚೂರು, ಕೆಲವೊಮ್ಮೆ ಒಂದೆರಡು ಒಣ ಕಾಯಿ. ಅಂಥ ಒಂದು ಕಾಯೊಳಗೆ ಕೊರಕದ ಸಂಸಾರವೇ ಇರಬಹುದು. ಹಾಗೆಂದು ಕಾರು ತೊಳೆಯುವ ಪ್ರೆಷರ್ ಪಂಪು ಹಿಡಿದರೆ ಯಂತ್ರ ಕೆಡುತ್ತದೆ. ಯಂತ್ರದ ಮೇಲೆ ಬರೆದಿರುವ ಐಪಿ67 ಎಂಬ ಧೂಳು-ನೀರು ತಡೆಯುವ ದರ್ಜೆ ಎಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ ಎಂದಷ್ಟೇ. ಜೋರಾದ ನೀರಿನ ಏಟಿಗೆ ಬೇರೆ ಪರೀಕ್ಷೆಯಿದೆ. ಗಾಳಿ ಹೊಡೆಯುವುದೂ ತಪ್ಪು, ಶಿಲೀಂಧ್ರದ ಬೀಜಕಣ ಇಡೀ ಕೋಣೆಗೆ ಹರಡುತ್ತದೆ. ಮೊದಲು ಬ್ಯಾಟರಿ ಬಿಚ್ಚಿ, ತಳದ ತಗಡು ಕಳಚಿ, ಗಡಸು ಬ್ರಷ್‌ನಲ್ಲಿ ಒಣಮಣ್ಣು ಕೆರೆದು, ವ್ಯಾಕ್ಯೂಮಿನಲ್ಲಿ ಎಳೆದು, ಸಂದಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೊನೆಗೆ 70 ಶೇಕಡಾ ಆಲ್ಕೋಹಾಲಿನ ಬಟ್ಟೆಯಲ್ಲಿ ಒರೆಸಬೇಕು. ತೆಗೆದ ಮಣ್ಣನ್ನು ಚೀಲದಲ್ಲಿ ಕಟ್ಟಿ ಸುಡಬೇಕು. ತಗಡು ತೆಗೆದ ಸ್ಥಿತಿಯಲ್ಲಿ ನಾಲ್ಕು ಕಡೆಯಿಂದ ದಿನಾಂಕವಿರುವ ಫೋಟೊ ತೆಗೆದು ದಾಖಲೆಗೆ ಅಂಟಿಸಿದರೆ ಸಸ್ಯ ಸಂಪರ್ಕತಡೆ ಅಧಿಕಾರಿಗೂ ನೋಡಬೇಕಾದ ಜಾಗ ಗೊತ್ತಾಗುತ್ತದೆ.

ಮಣ್ಣು ಒಳಗೆ ಬರುವ ಅಪಾಯವಾದರೆ, ನಕ್ಷೆ ಹೊರಗೆ ಹೋಗುವ ಅಪಾಯ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳಿನಡಿ ಉಪಗ್ರಹದ ಸಿಗ್ನಲ್ ತುಂಡು ತುಂಡಾಗುತ್ತದೆ. ಹೀಗಾಗಿ ತೋಟದೊಳಗೆ ಓಡುವ ಯಂತ್ರ ದಾರಿ ಹುಡುಕುವುದು ಲೈಡಾರ್‌ನ ಲೇಸರ್ ಕಿರಣಗಳಿಂದ. 16 ಕಿರಣದ ಸಾಧಾರಣ ಲೈಡಾರ್ ಸೆಕೆಂಡಿಗೆ ಸುಮಾರು 3 ಲಕ್ಷ ಬಿಂದುಗಳನ್ನು ಅಳೆಯುತ್ತದೆ. ಗಿಡಗಳ ಸಾಲು, ಮೆಣಸಿನ ಬಳ್ಳಿ, ಕಾಫಿ ಕಣ, ಕೆರೆ, ಪಂಪ್‌ಹೌಸ್, ಕೂಲಿಯವರ ಲೈನ್ ಮನೆಗಳ ಬಾಗಿಲು, ಕೊಡವರ ಮೂಲಮನೆಯಾದ ಐನ್‌ಮನೆಗೆ ಹೋಗುವ ಓಣಿ ಎಲ್ಲವೂ ಸೆಂಟಿಮೀಟರ್ ಲೆಕ್ಕದಲ್ಲಿ ಅದರ ಡಿಸ್ಕಿನಲ್ಲಿ ಕೂರುತ್ತವೆ. 2021ರ ಫೆಬ್ರವರಿ 15ರ ಭೂದತ್ತಾಂಶ ಮಾರ್ಗಸೂಚಿಯ ಪ್ರಕಾರ ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮವಾದ ನಕ್ಷೆಯನ್ನು ಭಾರತೀಯ ಸಂಸ್ಥೆಗಳು ಮಾತ್ರ ತಯಾರಿಸಬಹುದು, ಅದನ್ನು ದೇಶದೊಳಗೇ ಇಟ್ಟುಕೊಳ್ಳಬೇಕು. ಬಾಡಿಗೆಗೆ ಬಂದ ವಿದೇಶಿ ರೋಬೋಟ್ ಹಿಂದಿರುಗುವ ದಿನ ಈ ನಿಯಮವನ್ನು ಯಾರು, ಯಾವ ಮೇಜಿನ ಮುಂದೆ ಪಾಲಿಸುತ್ತಾರೆ? ಕಸ್ಟಮ್ಸ್ ಅಧಿಕಾರಿಯ ಮುಂದೆ ಇರುವ ಹಾಳೆಯಲ್ಲಿ ಡಿಸ್ಕಿನ ಪ್ರಸ್ತಾಪವೇ ಇಲ್ಲ. ಡಿಸ್ಕ್ ಬಿಚ್ಚಿ ತೋಟದವರ ಕೈಗೆ ಕೊಟ್ಟು, ಖಾಲಿ ಡಿಸ್ಕ್ ಹಾಕಿ ಕಳಿಸಿ, ಎರಡೂ ನಂಬರನ್ನು ದಾಖಲೆಯಲ್ಲಿ ಬರೆದರೆ ಮುಗಿಯಿತು. ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ. ಇಂಟರ್ನೆಟ್ಟಿನ ಮೂಲಕ ಮೊದಲೇ ಹೊರಗೆ ಹೋಗಿದ್ದರೆ ಅದಕ್ಕೆ ಡಿಸ್ಕ್ ಸಾಲದು. ಒಳಗೆ ಬರುವಾಗಲೇ ದತ್ತಾಂಶ ಯಾವ ದೇಶದ ಸರ್ವರಿಗೆ ಹೋಗುತ್ತದೆ ಎಂದು ಬರೆಸಿಕೊಳ್ಳಬೇಕು.

ರೇಡಿಯೊ ವಿಷಯ ಚಿಕ್ಕದು, ಆದರೆ ಬಹಳ ಜನ ಎಡವುವುದು ಇಲ್ಲೇ. ಅಮೆರಿಕದಲ್ಲಿ ಲೈಸೆನ್ಸ್ ಬೇಡದ 915 ಮೆಗಾಹರ್ಟ್ಸ್ ರಿಮೋಟ್ ಇಲ್ಲಿ ಹಾಗೆ ಬಳಸುವಂತಿಲ್ಲ. ನಮ್ಮಲ್ಲಿ ಅಂಥ ಕೆಲಸಕ್ಕೆ ಬಿಟ್ಟಿರುವುದು 865ರಿಂದ 868. ಕಾಡಾನೆ ಪತ್ತೆಗೆ ಥರ್ಮಲ್ ಕ್ಯಾಮೆರಾ ಇರುವ ಯಂತ್ರ ತರಿಸುವವರು ಇನ್ನೊಂದು ಗಮನಿಸಬೇಕು. ಸೆಕೆಂಡಿಗೆ 9ಕ್ಕಿಂತ ಹೆಚ್ಚು ಚಿತ್ರ ತೆಗೆಯುವ ಥರ್ಮಲ್ ಕ್ಯಾಮೆರಾಗಳು ಭಾರತವೂ 2017ರಲ್ಲಿ ಸೇರಿದ ವಾಸೆನಾರ್ ಎಂಬ, ಸೈನ್ಯಕ್ಕೂ ಬಳಕೆಯಾಗಬಲ್ಲ ಸರಕುಗಳ ಬಗೆಗಿನ ದೇಶಗಳ ಒಡಂಬಡಿಕೆಯ ರಫ್ತು ನಿಯಂತ್ರಣಕ್ಕೆ ಒಳಪಡಬಹುದು. ತರುವಾಗ ಸಲೀಸಾಗಿ ಬಂದದ್ದು ವಾಪಸ್ ಕಳಿಸುವಾಗ ನಿಲ್ಲಬಹುದು.

ನಾವು ಕೇಳುವ ಪುಸ್ತಕ ದಪ್ಪಗಿರಬೇಕಿಲ್ಲ. ಚಾಸಿಗೆ ಕೆತ್ತಿದ ಒಂದೇ ಮುಖ್ಯ ಸಂಖ್ಯೆ, ಅದೇ ಸಂಖ್ಯೆ ಕಂಟ್ರೋಲರಿನೊಳಗೂ. ಸ್ಟಿಕ್ಕರ್ ಬೇಡ, ಒಂದು ಮಳೆಗಾಲಕ್ಕೆ ಕಿತ್ತುಬರುತ್ತದೆ. ಬಿಡಿಭಾಗ ಬದಲಿಸಿದ ಪುಟ, ಓಡಿದ ತೋಟಗಳ ಮತ್ತು ಶುಚಿ ಮಾಡಿದ ದಿನಾಂಕದ ಪುಟ, ಕ್ಯಾಮೆರಾ, ಲೈಡಾರ್, ರೇಡಿಯೊಗಳ ಪುಟ. ಒಳಗೆ ಬರುವಾಗ ಇದ್ದ ಸಾಫ್ಟ್‌ವೇರಿನ ಆವೃತ್ತಿ ಮತ್ತು ಅದರ ಹ್ಯಾಷ್, ಅಂದರೆ ಒಂದಕ್ಷರ ಬದಲಾದರೂ ಪೂರ್ತಿ ಬದಲಾಗುವ 64 ಅಕ್ಷರಗಳ ಬೆರಳಚ್ಚು. ಬಂದ ಮೇಲೆ ಇಂಟರ್ನೆಟ್ಟಿನ ಮೂಲಕವೇ ಅಪ್‌ಡೇಟ್ ಆಗಿ ಬೇರೆಯೇ ಯಂತ್ರವಾದರೆ ಅದರಿಂದ ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಭಾರತದಲ್ಲಿ ವಿಳಾಸವಿರುವ ಒಬ್ಬ ಹೊಣೆಗಾರರ ಹೆಸರು. ಚಲಾಯಿಸುವವರು ಬೇರೆ ದೇಶದಲ್ಲಿ ಪರದೆಯ ಮುಂದೆ ಕೂತಿದ್ದಾಗ ಇಲ್ಲಿ ಕೂಲಿಯವರೊಬ್ಬರ ಕಾಲ ಮೇಲೆ ಯಂತ್ರ ಹತ್ತಿದರೆ ಪೊಲೀಸರು ಹುಡುಕಬೇಕಾದವರು ಇವರು. ತುರ್ತು ನಿಲುಗಡೆಯ ಕೆಂಪು ಗುಂಡಿ ಎಲ್ಲಿದೆ ಎಂಬ ಚಿತ್ರ ಮೊದಲ ಪುಟದಲ್ಲಿರಲಿ, ಕನ್ನಡದಲ್ಲಿ.

ಇದಕ್ಕೆ ಹೊಸ ಕಚೇರಿ ಬೇಡ. ಆಮದಿನ ಕಾಗದ ಒಂದೇ ಕಡೆ ಸಲ್ಲಿಸಿದರೆ ಸಸ್ಯ ಸಂಪರ್ಕತಡೆ ಸೇರಿದಂತೆ ಹಲವು ಇಲಾಖೆಗಳಿಗೆ ತಲುಪುವ ಏಕಗವಾಕ್ಷಿ ವ್ಯವಸ್ಥೆ 2016ರಿಂದ ಕಸ್ಟಮ್ಸ್‌ನಲ್ಲಿದೆ. ರೋಬೋಟ್‌ಗೆ ಅದರಲ್ಲೇ ಒಂದು ನಮೂನೆ ಸೇರಿಸಬಹುದು. ಆಟಿಕೆ, ಮನೆ ಗುಡಿಸುವ ಯಂತ್ರಗಳನ್ನು ಬಿಟ್ಟುಬಿಡಿ. ಹೊರಗೆ ಮಣ್ಣಿನ ಮೇಲೆ ಓಡುವುದು, ನಕ್ಷೆ ಮಾಡುವುದು, ಗಡಿಯಾಚೆಯಿಂದ ಆಜ್ಞೆ ಪಡೆಯುವುದು, ಈ ಮೂರರಲ್ಲಿ ಒಂದಿದ್ದರೂ ಪುಸ್ತಕ ಕಡ್ಡಾಯವಾಗಲಿ. ಕಳ್ಳಸಾಗಣೆ ಮಾಡುವವರು ಪುಸ್ತಕ ಮಾಡಿಸುತ್ತಾರೆಯೇ ಎಂದು ಕೇಳುವವರಿದ್ದಾರೆ. ಮಾಡಿಸುವುದಿಲ್ಲ. ಕದ್ದ ಬೀಟೆಗೂ ಸುತ್ತಿಗೆ ಮುದ್ರೆ ಇರುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಅದು ಸಿಕ್ಕಿಬೀಳುವುದು ಆ ಮುದ್ರೆ ಇಲ್ಲದ್ದರಿಂದಲೇ.

ನವೆಂಬರ್‌ನಿಂದ ಕೊಯ್ಲು ಶುರುವಾಗುತ್ತದೆ. ಆಳು ಸಿಗದ ಕಷ್ಟ ನಮಗೂ ಗೊತ್ತು, ಯಂತ್ರ ಬೇಡವೆನ್ನುವವರು ನಾವಲ್ಲ. ಪ್ರಾತ್ಯಕ್ಷಿಕೆಗೆಂದು ವಿದೇಶಿ ಯಂತ್ರ ತರಿಸುವ ಬೆಳೆಗಾರರು ಸರ್ಕಾರ ನಿಯಮ ಮಾಡುವವರೆಗೆ ಕಾಯಬೇಕಿಲ್ಲ: ಗೇಟಿನೊಳಗೆ ಬಿಡುವ ಮುನ್ನ ತಳದ ತಗಡು ಬಿಚ್ಚಿಸಿ ನೋಡಿ, ಹೊರಗೆ ಕಳಿಸುವ ಮುನ್ನ ಡಿಸ್ಕ್ ಬಿಚ್ಚಿಸಿಕೊಳ್ಳಿ, ಈ ಎರಡನ್ನೂ ಬಾಡಿಗೆ ಕರಾರಿನಲ್ಲೇ ಬರೆಸಿ.

ಇತಿ,
ಕೃಷಿಯಂತ್ರ ದುರಸ್ತಿ ಹಾಗೂ ಆಮದು-ರಫ್ತು ಕಾಗದಪತ್ರದ ಕೆಲಸದಲ್ಲಿರುವ ಓದುಗರು
ಗೋಣಿಕೊಪ್ಪಲು, ಕೊಡಗು