ಹರಿದ ಕಿವಿಗೆ ಅಂಟು ಹಾಕಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಿವಿಯ ತೂತು ಉದ್ದಕ್ಕೆ ಸೀಳಿ, ಕೆಳಗೆ ದಾರದೆಳೆಯಷ್ಟು ಚರ್ಮ ಉಳಿದಿದೆ. ಬಲಗಿವಿ ಹರಿದಿಲ್ಲ, ಹಾಲೆ ತೆಳ್ಳಗಾಗಿ ಓಲೆ ಮುಂದಕ್ಕೆ ಜೋತುಬಿದ್ದಿದೆ. ಎರಡಕ್ಕೂ ಒಂದೇ ಇಂಜೆಕ್ಷನ್ ಸಾಕು ಅಂದವರ ಮಾತು ಕಿವಿಗೆ ಹಾಕಿಕೊಳ್ಳಬೇಡ.

ಕಿವಿಯ ಮೇಲ್ಭಾಗಕ್ಕೆ ಮೃದ್ವಸ್ಥಿಯ ಆಸರೆ ಇದೆ. ಹಾಲೆಗೆ ಅದಿಲ್ಲ, ಬರೀ ಚರ್ಮ, ಕೊಬ್ಬು, ನಾರು. ವಯಸ್ಸಾಗ್ತಾ ಕೊಬ್ಬು ಕರಗುತ್ತೆ, ಚರ್ಮಕ್ಕೆ ಬಿಗಿ ಕೊಡೋ ಕೊಲಾಜೆನ್ ಅನ್ನೋ ನಾರು ಕಡಿಮೆಯಾಗುತ್ತೆ, ಮೇಲಿಂದ ಓಲೆಯ ಭಾರ ಬೇರೆ. ಹಾಗೆ ಸೊರಗಿದ ಬಲಗಿವಿಗೆ ಹಯಲುರಾನಿಕ್ ಆಮ್ಲದ ಫಿಲ್ಲರ್, ಅಂದರೆ ಚರ್ಮದಡಿ ತುಂಬಿಸೋ ಜೆಲ್ ಇಂಜೆಕ್ಷನ್, ಆಗಬಹುದು. ಹಾಲೆ ತುಂಬಿಕೊಂಡು ಓಲೆ ನೆಟ್ಟಗೆ ನಿಲ್ಲುತ್ತೆ. ಶಾಶ್ವತವೇನಲ್ಲ, ಸಾಮಾನ್ಯವಾಗಿ 6ರಿಂದ 12 ತಿಂಗಳು. ಹೆಚ್ಚುಕಡಿಮೆಯಾದರೆ ಅದನ್ನು ಕರಗಿಸೋಕೆ ಹಯಲುರೊನಿಡೇಸ್ ಅನ್ನೋ ಔಷಧಿ ಇದೆ. ಅದು ಇಟ್ಟಿದ್ದಾರಾ ಅಂತ ಮೊದಲೇ ಕೇಳು. ಉತ್ತರಕ್ಕೆ ತಡವರಿಸಿದರೆ ಎದ್ದು ಬಾ.

ಎಡಗಿವಿಗೆ ಮಾತ್ರ ಹೊಲಿಗೆಯೇ ಬೇಕು ಕಣೇ. ಅಂಟು ಹಾಕಿ ಸರಿಮಾಡ್ತಾರಂತೆ ಅಂತ ಬರೆದಿದ್ದೆಯಲ್ಲ, ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಹಳೇ ತೂತಿನ ಒಳಗೋಡೆಯ ತುಂಬ ಚರ್ಮ ಬೆಳೆದಿರುತ್ತೆ. ಎರಡು ಬೆರಳನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಕೂಡಿಕೊಳ್ಳುತ್ತಾ? ಇದೂ ಹಾಗೇ. ಸರ್ಜನ್ ಆ ಒಳಚರ್ಮವನ್ನು ಕತ್ತರಿಸಿ ತೆಗೆದು, ಹಸಿ ಅಂಚಿಗೆ ಹಸಿ ಅಂಚು ಸೇರಿಸಿ ಹೊಲೀತಾರೆ. ಆಗಲೇ ಗಾಯ ಕೂಡೋದು. ಜಾಗ ಮರಗಟ್ಟಿಸೋ ಸೂಜಿ ಚುಚ್ಚಿದಾಗ ಚುರ್ ಅನ್ನುತ್ತೆ, ಆಮೇಲೆ ಹೊಲಿಯುವಾಗ ನೋವಿರಲ್ಲ. ಸಾಮಾನ್ಯವಾಗಿ ಗಂಟೆಯೊಳಗೆ ಮುಗಿಯೋ ಕೆಲಸ. ಹಾಲೆಯ ಅಂಚೂ ಹರಿದುಹೋಗಿ, ನೇರ ಗೆರೆಯಲ್ಲಿ ಹೊಲಿದರೆ ಕಲೆ ಬಿಗಿದುಕೊಂಡು ಆ ಅಂಚಿನಲ್ಲಿ ಕಚ್ಚು ಬೀಳೋದುಂಟು. ಅದಕ್ಕೇ ಕೆಲವರು ಅಂಕುಡೊಂಕಾಗಿ ಹೊಲೀತಾರೆ. ನಿನಗೆ ಹೇಗೆ ಮಾಡ್ತಾರೆ ಅಂತ ಕೇಳೋಕೆ ಸಂಕೋಚ ಬೇಡ.

ಇನ್ನೊಂದು ಮಾತು, ಇದನ್ನು ಮರೀಲೇಬೇಡ. ನಿನ್ನ ತೋಳಿನ ಮೇಲೆ ಚುಚ್ಚುಮದ್ದಿನ ಕಲೆ ಗಂಟುಗಂಟಾಗಿ ಉಬ್ಬಿದೆಯಲ್ಲ, ಅದನ್ನು ಡಾಕ್ಟರಿಗೆ ತೋರಿಸು. ಅದು ಕೀಲಾಯ್ಡ್, ಅಂದರೆ ಗಾಯದ ಗಡಿ ದಾಟಿ ಉಬ್ಬೋ ಕಲೆ, ಆಗಿದ್ದರೆ ಕಿವಿಯಲ್ಲೂ ಬರಬಹುದು. ಕಿವಿಹಾಲೆ ಅಂದರೆ ಅದಕ್ಕೆ ಬಲು ಇಷ್ಟದ ಜಾಗ! ರಕ್ತ ತೆಳುವಾಗೋ ಮಾತ್ರೆ ಏನಾದರೂ ತಗೊಳ್ತಿದ್ದರೆ ಅದನ್ನೂ ಹೇಳು, ನೀನಾಗೇ ನಿಲ್ಲಿಸಬೇಡ.

ವಾರ ಹತ್ತು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಮತ್ತೆ ಚುಚ್ಚಿಸೋಕೆ ಎರಡು ಮೂರು ತಿಂಗಳಾದರೂ ಕಾಯಿ. ಚುಚ್ಚಿಸುವಾಗಲೂ ಕಲೆಯ ಮೇಲೆ ಬೇಡ, ಪಕ್ಕಕ್ಕೆ. ಕೂಡಿದ ಗಾಯಕ್ಕೆ ಮೊದಲಿನ ಚರ್ಮದಷ್ಟು ಗಟ್ಟಿತನ ಬರಲ್ಲ, ಆದ್ದರಿಂದ ಆ ಭಾರದ ಜುಮುಕಿಗಳನ್ನು ಪೆಟ್ಟಿಗೆಗೆ ಸೇರಿಸಿಬಿಡು. ಮಲಗುವಾಗ ಓಲೆ ತೆಗೆದಿಡು.

ಹೊಲಿಗೆಯ ದಿನ ಗೊತ್ತಾದ ಕೂಡಲೇ ಫೋನ್ ಮಾಡು, ಬರ್ತೀನಿ. ಬಿಚ್ಚೋವರೆಗೂ ಮಗೂನ ಎಡಗಡೆ ಎತ್ತಿಕೊಳ್ಳಬೇಡ. ಓಲೆ ಹಿಡಿದು ಜಗ್ಗಿದ್ದು ಅವನೇ ತಾನೆ!

ನಿನ್ನ ದೊಡ್ಡಮ್ಮ