ಭಾನುವಾರ ಪ್ರಾಕ್ಟೀಸ್ ಮುಗಿದ್ಮೇಲೆ ಸ್ಟಾಕ್ಟನ್ ವಿಡಿಯೋ

ಎಲ್ರಿಗೂ ನಮಸ್ಕಾರ. ಈ ಭಾನುವಾರ ಪ್ರಾಕ್ಟೀಸ್ ಆದ್ಮೇಲೆ ಯಾರೂ ಓಡೋಗ್ಬೇಡಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಜಾನ್ ಸ್ಟಾಕ್ಟನ್ ಆಡಿರೋ ಹಳೇ ಮ್ಯಾಚ್ ನೋಡೋಣ. ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸೋ ಜಾಗ) ಆಡೋ ಹುಡುಗ್ರು ಹುಡುಗೀರು ತಪ್ಪದೇ ಇರ್ಬೇಕು.

ಈಗಿನ ಮಕ್ಳಿಗೆ ಸ್ಟೀಫನ್ ಕರ್‍ರಿ ಗೊತ್ತು, ಸ್ಟಾಕ್ಟನ್ ಗೊತ್ತಿಲ್ಲ. ಆರಡಿ ಒಂದಿಂಚು ಅಷ್ಟೇ ಮನುಷ್ಯ, 1984ರಲ್ಲಿ ಗೊನ್ಜಾಗಾ ಕಾಲೇಜಿಂದ ಯೂಟಾ ಜಾಝ್‌ಗೆ ಹದಿನಾರನೇ ಪಿಕ್ ಆಗಿ (ಅಮೆರಿಕದ ಲೀಗ್ ಎನ್‌ಬಿಎ ಟೀಮ್‌ಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋವಾಗ ಹದಿನಾರನೇಯವನಾಗಿ) ಬಂದ, ಆಮೇಲೆ 2003ರಲ್ಲಿ ರಿಟೈರ್ ಆಗೋ ತನಕ ಅದೇ ಟೀಮು, 19 ಸೀಸನ್, ಅದ್ರಲ್ಲಿ 17 ಸೀಸನ್ ಒಂದೇ ಒಂದು ಮ್ಯಾಚೂ ಬಿಟ್ಟಿಲ್ಲ ಅಂದ್ರೆ ಯೋಚ್ನೆ ಮಾಡಿ. 15,806 ಅಸಿಸ್ಟ್ (ಜೊತೆಯವ್ರು ಬಾಸ್ಕೆಟ್ ಹಾಕೋ ಹಾಗೆ ಕೊಟ್ಟ ಪಾಸು), 3,265 ಸ್ಟೀಲ್ (ಎದುರಾಳಿಯಿಂದ ಬಾಲ್ ಕಸ್ಕೊಂಡಿದ್ದು), ಎರಡೂ ಎನ್‌ಬಿಎ ದಾಖಲೆ, ಇವತ್ತಿಗೂ ಯಾರೂ ಹತ್ರ ಸುಳಿದಿಲ್ಲ.

ಅದೇ ಟೀಮಿನ ಕಾರ್ಲ್ ಮಲೋನ್ ಜೊತೆ ಅವನ ಪಿಕ್ ಅಂಡ್ ರೋಲ್ ಗಮನಿಸಿ ನೋಡಿ. ಮಲೋನ್ ಅಡ್ಡ ನಿಂತು ಡಿಫೆಂಡರ್‌ನ ತಡೀತಾನೆ, ಸ್ಟಾಕ್ಟನ್ ಪಕ್ಕದಲ್ಲೇ ಉಜ್ಕೊಂಡು ಹೋಗ್ತಾನೆ, ಇಬ್ರು ಡಿಫೆಂಡರ್‌ಗಳೂ ಅವನ ಕಡೆ ವಾಲಿದ ತಕ್ಷಣ ಬಾಲ್ ಮಲೋನ್ ಕೈಲಿರುತ್ತೆ. ಎದುರಾಳಿಗೆ ಇದೇ ಬರುತ್ತೆ ಅಂತ ಗೊತ್ತು, ಆದ್ರೂ ತಡಿಯೋಕಾಗಲ್ಲ. ಬೆನ್ನ ಹಿಂದಿಂದ ಪಾಸು, ಶೋಕಿ ಅವೆಲ್ಲಾ ಅವನಿಗೆ ಬೇಕಾಗೇ ಇರ್ಲಿಲ್ಲ, ನನಗೆ ಅವನು ಅದಕ್ಕೇ ಇಷ್ಟ.

ನೋಡೋ ಮ್ಯಾಚು 1997ರದ್ದು, ಹ್ಯೂಸ್ಟನ್ ರಾಕೆಟ್ಸ್ ಮೇಲೆ, 100-100 ಸಮ, ಕೊನೇ ಕ್ಷಣ, ರಾಕೆಟ್ಸ್‌ನ ಬಾರ್ಕ್ಲಿ ಕೈ ಎತ್ಕೊಂಡು ಓಡಿ ಬರ್ತಿದ್ರೂ ಸ್ಟಾಕ್ಟನ್ ಮೂರು ಪಾಯಿಂಟ್ ಶಾಟ್ ಹಾಕಿ ಜಾಝ್‌ನ ಮೊದಲ್ನೇ ಸಲ ಫೈನಲ್‌ಗೆ ಕರ್ಕೊಂಡೋದ. ಆ ವರ್ಷನೂ ಮುಂದಿನ ವರ್ಷನೂ ಫೈನಲ್‌ನಲ್ಲಿ ಜೋರ್ಡನ್ ಇದ್ದ ಬುಲ್ಸ್ ಮುಂದೆ ಸೋತ್ರು, ಟ್ರೋಫಿ ಸಿಗ್ಲೇ ಇಲ್ಲ, ನನಗೆ ಈಗ್ಲೂ ಬೇಜಾರು.

ಬರೋರು ಶನಿವಾರ ರಾತ್ರಿ ಒಳಗೆ ಇಲ್ಲೇ ಹೆಸ್ರು ಹಾಕಿ, ಕುರ್ಚಿ ಜೋಡಿಸ್ಬೇಕು.