ಬರವಣಿಗೆ ಪರೀಕ್ಷೆಗೆ ಹೆದರಿರುವ ನನ್ನ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ರಾತ್ರಿಯೇ ನೋಡಿದೆ. "ಎಲ್ಲ ವಿಷಯ ಪಾಸಾಗಿದೆ, ಈ ಒಂದು ಬರವಣಿಗೆ ಪರೀಕ್ಷೆಗಾಗಿ ಡಿಗ್ರಿ ನಿಂತುಬಿಟ್ಟರೆ ಏನು ಮಾಡಲಿ?" ಅಂತ ಕೇಳಿದ್ದೀಯ. ಡಿಗ್ರಿ ಕೈಗೆ ಬರಬೇಕಾದರೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಪಾಸಾಗಲೇಬೇಕಾದ ಪರೀಕ್ಷೆ ಅದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೆದರಿರುವವರು ಇನ್ನೂ ಎಷ್ಟೋ ಜನ ಇರುತ್ತಾರೆ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ನಿನ್ನ ಹೆಸರು ಎಲ್ಲೂ ಇಲ್ಲ, ಗಾಬರಿ ಬೇಡ.

ಮೊದಲ ಸಲ ನಾನು ಫೇಲಾಗಿದ್ದು ನಿನಗೆ ಗೊತ್ತು. ಯಾಕೆ ಫೇಲಾದೆ ಅನ್ನೋದನ್ನು ಮಾತ್ರ ಯಾರಿಗೂ ಸರಿಯಾಗಿ ಹೇಳಿರಲಿಲ್ಲ.

ಒಂದು ಪುಟದ ಲೇಖನ ಕೊಟ್ಟಿದ್ದರು. ಕಾಲೇಜಿನಲ್ಲಿ ಹಾಜರಾತಿ ಕಡ್ಡಾಯ ಇರಲೇಬೇಕು ಅಂತ ಲೇಖಕರ ವಾದ. ಕೆಳಗೆ ಪ್ರಶ್ನೆ: "ಈ ವಾದವನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಟ್ಟು ವಿವರಿಸಿ." ಓದಿದ ಕೂಡಲೇ ಪೆನ್ನು ಎತ್ತಿಕೊಂಡೆ. ಲೇಖಕರು ಏನೇನು ಹೇಳಿದ್ದಾರೆ ಅಂತ ಒಂದೂವರೆ ಪುಟ ಬರೆದೆ. ಆಮೇಲೆ ಹಾಜರಾತಿಯಿಂದ ಇಷ್ಟು ಲಾಭ, ಇಷ್ಟು ನಷ್ಟ. ಅಕ್ಷರ ಮುದ್ದಾಗಿತ್ತು, ವ್ಯಾಕರಣದ ತಪ್ಪೂ ಜಾಸ್ತಿ ಇರಲಿಲ್ಲ. ಆದರೆ "ಎಷ್ಟರ ಮಟ್ಟಿಗೆ" ಅನ್ನೋ ಮಾತಿಗೆ ಮೂರು ಪುಟದಲ್ಲಿ ಎಲ್ಲೂ ಉತ್ತರವೇ ಇರಲಿಲ್ಲ. ನನ್ನ ಅನುಭವವಂತೂ ಒಂದು ಸಾಲೂ ಇರಲಿಲ್ಲ. ಕೇಳಿದ್ದೇ ಒಂದು, ನಾನು ಬರೆದದ್ದೇ ಇನ್ನೊಂದು.

ಅಂಕ ಬಂದಾಗ ತುಂಬ ಸಿಟ್ಟು ಬಂದಿತ್ತು. ನೀನು ಈಗ ಹೇಳುತ್ತೀಯಲ್ಲ, "ಇದೆಲ್ಲ ಅದೃಷ್ಟ, ಉತ್ತರ ಓದಿ ಅಂಕ ಕೊಡುವವರ ಮೂಡ್ ಮೇಲೆ ಹೋಗುತ್ತದೆ" ಅಂತ, ನಾನೂ ಅದನ್ನೇ ಅಂದುಕೊಂಡಿದ್ದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. 1961ರಲ್ಲಿ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. ಕಾಲೇಜಿಗೆ ಹೊಸದಾಗಿ ಸೇರಿದವರ 300 ಪ್ರಬಂಧಗಳನ್ನು 53 ಜನರಿಗೆ ಓದಲು ಕೊಟ್ಟಿದ್ದರು. ಅವರಲ್ಲಿ ಇಂಗ್ಲಿಷ್ ಮೇಷ್ಟರಿದ್ದರು, ವಿಜ್ಞಾನದವರಿದ್ದರು, ವಕೀಲರು, ಸಂಪಾದಕರು, ವ್ಯಾಪಾರದವರೂ ಇದ್ದರು. ಹೇಗೆ ಅಂಕ ಕೊಡಬೇಕು ಅಂತ ಯಾರಿಗೂ ಹೇಳಿರಲಿಲ್ಲ. 9 ದರ್ಜೆಗಳಲ್ಲಿ ಒಂದನ್ನು ಕೊಡಿ ಅಂದಿದ್ದರು, ಅಷ್ಟೇ. 300ರಲ್ಲಿ 101 ಪ್ರಬಂಧಗಳಿಗೆ ಒಂಬತ್ತಕ್ಕೆ ಒಂಬತ್ತೂ ದರ್ಜೆ ಬಿದ್ದವು! ಒಬ್ಬರಿಗೆ ಬಹಳ ಚೆನ್ನಾಗಿ ಕಂಡದ್ದು ಇನ್ನೊಬ್ಬರಿಗೆ ತೀರಾ ಕಳಪೆ.

ಇದನ್ನು ಓದಿ ನಿನ್ನ ಭಯ ಜಾಸ್ತಿಯಾಗದಿರಲಿ. ಈಗ ಇಂಥ ಪರೀಕ್ಷೆಗಳಲ್ಲಿ ಹಾಗೆ ಬಿಡುವುದಿಲ್ಲ. ಓದುವವರನ್ನು ಮೊದಲು ಒಟ್ಟಿಗೆ ಕೂರಿಸಿ ಮಾದರಿ ಉತ್ತರಗಳನ್ನು ಓದಿಸುತ್ತಾರೆ. ಇಂಥದ್ದಕ್ಕೆ 4, ಇಂಥದ್ದಕ್ಕೆ 2 ಅಂತ ಎಲ್ಲರ ಅಳತೆ ಒಂದಾಗುವ ತನಕ ತಾಲೀಮು. ಆಮೇಲೆ ಒಂದೊಂದು ಉತ್ತರವನ್ನೂ ಸಾಮಾನ್ಯವಾಗಿ ಇಬ್ಬರು ಓದುತ್ತಾರೆ, ಇಬ್ಬರ ಅಂಕ ದೂರ ದೂರ ಬಿದ್ದರೆ ಮೂರನೆಯವರಿಗೆ ಹೋಗುತ್ತದೆ. ಅದೇ ಹಳೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನನ್ನ ಕಣ್ಣು ತೆರೆಸಿದ್ದು ಅದು. ಯಾರು ಏನು ನೋಡಿ ಅಂಕ ಕೊಟ್ಟರು ಅಂತ ಗುಂಪು ಮಾಡಿದಾಗ, ಎಲ್ಲಕ್ಕಿಂತ ದೊಡ್ಡ ಗುಂಪು ವಿಚಾರವನ್ನು ನೋಡಿದವರದು. ಕಾಗುಣಿತ, ವ್ಯಾಕರಣ ನೋಡಿದವರದು ಬೇರೆ ಗುಂಪು. ನೀನು ಮೂರು ವಾರದಿಂದ ಬರೀ ವ್ಯಾಕರಣದ ಪುಸ್ತಕ ಹಿಡಿದು ಕೂತಿದ್ದೀಯಲ್ಲ, ಅದಕ್ಕೇ ಇಷ್ಟುದ್ದ ಹೇಳಿದೆ.

ಇನ್ನೊಂದು ನೆನಪಿಟ್ಟುಕೋ. ಓದುವವರ ಮುಂದೆ ದೊಡ್ಡ ಕಟ್ಟು ಇರುತ್ತದೆ. ನಿನ್ನ ಉತ್ತರಕ್ಕೆ ಸಿಗುವುದು ಕೆಲವೇ ನಿಮಿಷ. ನೀನು ಒಪ್ಪುತ್ತೀಯೋ ಇಲ್ಲವೋ ಅಂತ ಅವರು ಹುಡುಕುವ ಹಾಗಾಗಬಾರದು.

ಎರಡನೇ ಸಲ ನಾನು ಹದಿನೈದು ನಿಮಿಷ ಉತ್ತರ ಬರೆಯಲೇ ಇಲ್ಲ. ಪಕ್ಕದವಳು ಆಗಲೇ ಪುಟ ತಿರುಗಿಸುತ್ತಿದ್ದಳು, ಆ ಸದ್ದಿಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಪ್ರಶ್ನೆಯ ಕೆಳಗೆ ಗೆರೆ ಎಳೆದೆ. ಏನು ಮಾಡು ಅಂತ ಹೇಳಿದ್ದಾರೆ? ಹೋಲಿಸು ಅಂತಲೋ, ಒಪ್ಪುತ್ತೀಯಾ ಅಂತಲೋ, ಕಾರಣ ಕೊಡು ಅಂತಲೋ? ಆ ಕ್ರಿಯಾಪದಕ್ಕೆ ಸುತ್ತು ಹಾಕಿದೆ. ಆಮೇಲೆ ರಫ್ ಹಾಳೆಯಲ್ಲಿ ಒಂದೇ ಒಂದು ವಾಕ್ಯ: "ನಾನು ಇದನ್ನು ಇಷ್ಟು ಮಟ್ಟಿಗೆ ಒಪ್ಪುತ್ತೇನೆ, ಯಾಕೆಂದರೆ..." ಆ "ಯಾಕೆಂದರೆ" ಆದ ಮೇಲೆ ಏನು ಬರೆಯಬೇಕು ಅಂತ ಹೊಳೆಯಲು ಆರೇಳು ನಿಮಿಷ ಬೇಕಾಯಿತು. ನಾಲ್ಕು ಸಲ ಹೊಡೆದುಹಾಕಿದೆ. ಐದನೇ ಸಲ ಬಂದದ್ದು ನಿಜವಾಗಿ ನಾನು ನಂಬಿದ ಮಾತು. ಅದು ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬಂತು ಕಣೋ. ಆ ವಾಕ್ಯವನ್ನೇ ಮೊದಲ ಪ್ಯಾರಾದ ಕೊನೆಗೆ ಇಟ್ಟೆ.

ಉದಾಹರಣೆ ಒಂದೇ ಇರಲಿ, ಆದರೆ ಪೂರ್ತಿ ಇರಲಿ. "ಅನೇಕ ವಿದ್ಯಾರ್ಥಿಗಳು ಕಷ್ಟಪಡುತ್ತಾರೆ" ಅಂತ ಬರೆದರೆ ಯಾರ ಮನಸ್ಸಿಗೂ ನಾಟುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಕೂಗುವ ತನಕ ಎಚ್ಚರ ಇದ್ದು, "ಎಸ್ ಸರ್" ಅಂದ ಮೇಲೆ ಡೆಸ್ಕಿನ ಮೇಲೆ ತಲೆ ಇಡುತ್ತಿದ್ದ ನಮ್ಮ ಕ್ಲಾಸಿನ ಹುಡುಗನ ಬಗ್ಗೆ ಬರೆದೆ. ಅವನ ಹಾಜರಾತಿ ಪೂರ್ತಿ ಇತ್ತು, ಪಾಠ ಮಾತ್ರ ಕಿವಿಗೆ ಬಿದ್ದಿರಲಿಲ್ಲ. ನನ್ನ ವಾದ ನಿಂತಿದ್ದೇ ಅವನ ಮೇಲೆ.

ವ್ಯಾಕರಣ ಬಿಟ್ಟುಬಿಡು ಅಂತ ಹೇಳುತ್ತಿಲ್ಲ. ಆದರೆ ಇಡೀ ಪುಸ್ತಕ ಬೇಡ, ನಿನ್ನ ತಪ್ಪು ನೀನು ತಿಳಿದುಕೋ. ನಾನು ಇಂಗ್ಲಿಷಿನಲ್ಲಿ "ದಿ" ಬಿಟ್ಟುಬಿಡುತ್ತೇನೆ, ನಮ್ಮ ಕನ್ನಡದಲ್ಲಿ ಅಂಥದ್ದು ಇಲ್ಲವೇ ಇಲ್ಲ ಅಲ್ವಾ. ಆಮೇಲೆ ಭೂತಕಾಲದಲ್ಲಿ ಶುರು ಮಾಡಿ ವರ್ತಮಾನಕ್ಕೆ ಜಾರುತ್ತೇನೆ. ಕೊನೆಯ ಹತ್ತು ನಿಮಿಷ ಈ ಎರಡನ್ನೇ ಹುಡುಕಿದೆ, ಕೊನೆಯ ವಾಕ್ಯದಿಂದ ಹಿಂದಕ್ಕೆ ಒಂದೊಂದಾಗಿ ಓದುತ್ತಾ. ಮೇಲಿನಿಂದ ಓದಿದರೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ತಪ್ಪು ಕಾಣುವುದಿಲ್ಲ. ನಿಮ್ಮಲ್ಲಿ ಬಿಡುತ್ತಾರಾದರೆ ಒಂದು ಸಾಲು ಬಿಟ್ಟು ಒಂದು ಸಾಲು ಬರೆ, ತಿದ್ದಲು ಜಾಗ ಇರುತ್ತದೆ.

ಈಗ ಕೆಲಸದ ಮಾತು. ಸುಮ್ನೆ ಮಾದರಿ ಉತ್ತರ ಓದುತ್ತಾ ಕೂರಬೇಡ. ಶನಿವಾರ ಒಂದು, ಭಾನುವಾರ ಒಂದು, ಗಡಿಯಾರ ಎದುರಿಗಿಟ್ಟು, ಫೋನು ಬೇರೆ ರೂಮಿನಲ್ಲಿಟ್ಟು ಬರೆ. ಪರೀಕ್ಷೆ ಕೈಬರಹದಲ್ಲಾದರೆ ಕೈಯಲ್ಲೇ ಬರೆ. ಟೈಪು ಮಾಡಿ ಅಭ್ಯಾಸ ಆದವರಿಗೆ ಎರಡನೇ ಪುಟಕ್ಕೇ ಬೆರಳು ನೋಯುತ್ತದೆ. ಎರಡರ ಫೋಟೋ ತೆಗೆದು ನನಗೆ ಕಳಿಸು. ಒಂದೊಂದಕ್ಕೂ ಮೂರೇ ನಿಮಿಷ ಕೊಟ್ಟು ಓದುತ್ತೇನೆ. ನಿನ್ನ ಉತ್ತರ ಏನು ಅಂತ ಅಷ್ಟರಲ್ಲಿ ನನಗೆ ಗೊತ್ತಾಯಿತೋ ಇಲ್ಲವೋ, ಅದನ್ನು ಮೊದಲು ಹೇಳುತ್ತೇನೆ. ಕಾಗುಣಿತ ಆಮೇಲೆ ನೋಡೋಣ. ಭಾನುವಾರ ರಾತ್ರಿ ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ ಗೆಳೆಯ